ಗ್ರಂಥದಿಂದ ಮನೆಗೆ ಬಂದ ನುಡಿ

ಕ್ರಿ.ಶ. 70ರಲ್ಲಿ ರೋಮನ್ನರು ಜೆರೂಸಲೇಮಿನ ದೇವಾಲಯವನ್ನು ಕೆಡವಿದ ಬಳಿಕ ಯೆಹೂದ್ಯರಿಗೆ ಗ್ರಂಥವೇ ತಾಯ್ನಾಡಾಯಿತು. ಅವರವರು ನೆಲೆಸಿದೆಡೆ ಅರಬ್ಬೀ, ಯಿಡ್ಡಿಷ್ ಮೊದಲಾದವು ಮನೆಮಾತಾದವು. ಹೀಬ್ರೂ ಪ್ರಾರ್ಥನೆ, ಕಾವ್ಯ, ಶಾಸ್ತ್ರಗಳಲ್ಲಿ ಉಳಿಯಿತು. ಅದು ಸತ್ತಿತ್ತೆಂಬ ಮಾತನ್ನು ಕನ್ನಡ ಕಲಿಸುವ ನಾನು ಒಪ್ಪಲಾರೆ; ಬಲ್ಲವರು ಅದರಲ್ಲಿ ಬರೆಯುತ್ತಲೇ ಇದ್ದರು. ಆದರೆ ಅದರಲ್ಲಿ ಜೋಗುಳ ಹಾಡುವ ತಾಯಿ ಇರಲಿಲ್ಲ.

1881ರಲ್ಲಿ ಪ್ಯಾಲೆಸ್ತೀನಿಗೆ ಬಂದ ಎಲಿಯೇಜರ್ ಬೆನ್-ಯೆಹೂದರು ತಮ್ಮ ಮನೆಯಲ್ಲಿ ಹೀಬ್ರೂವಲ್ಲದೆ ಬೇರೆ ಮಾತು ಕೂಡದೆಂದು ಹಟ ಹಿಡಿದರು. 1882ರಲ್ಲಿ ಹುಟ್ಟಿದ ಮಗ ಆ ನುಡಿಯಲ್ಲೇ ತೊದಲಿದನು. ತಂದೆ ಹಳೆಯ ಧಾತುಗಳಿಂದ ಹೊಸ ಪದಗಳನ್ನು ಕಟ್ಟಿದರು. ಶಾಲೆಗಳು ಅವನ್ನು ಹರಡಿದವು.

1948ರಲ್ಲಿ ಇಸ್ರೇಲ್ ಉದಿಸಿದಾಗ ಆಡಳಿತಕ್ಕೆ ನುಡಿ ಸಿದ್ಧವಾಗಿತ್ತು. ಅದೇ ಹೊತ್ತಿನಲ್ಲಿ ಲಕ್ಷಾಂತರ ಪ್ಯಾಲೆಸ್ತೀನಿ ಅರಬರು ನೆಲೆ ಕಳೆದುಕೊಂಡರು. ನೆಲದ ವ್ಯಾಜ್ಯ ಇನ್ನೂ ತೀರಿಲ್ಲ. ನುಡಿಯ ಪಾಠವಂತೂ ಸ್ಪಷ್ಟ: ಗ್ರಂಥ ಕಾಯ್ದಿಡುತ್ತದೆ, ಮನೆ ಬದುಕಿಸುತ್ತದೆ.