ಆಟಿಕೆ ಕೊಳ್ಳುವ ಮುನ್ನ ತಪ್ಪು ಗುಂಡಿ ಒತ್ತಿ!

ನಾಲ್ಕೈದು ವರ್ಷದ ಮಗುವಿಗೆ ಅಂಗೈಯಗಲದ 'ಕಲಿಕೆಯ ಆಟಿಕೆ' ಕೊಡಿಸಬೇಕೆಂದಿರುವಿರಾ? ಡಬ್ಬಿಯ ಮೇಲಿನ ಬಣ್ಣಕ್ಕೆ ಮರುಳಾಗದಿರಿ. ಅಂಗಡಿಯಲ್ಲೇ ಸೆಲ್ ಹಾಕಿಸಿ, ಬೇಕೆಂದೇ ತಪ್ಪು ಉತ್ತರ ಒತ್ತಿ ನೋಡಿ.

1976ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 'ಲಿಟಲ್ ಪ್ರೊಫೆಸರ್' ಎಂಬ ಆಟಿಕೆ ತಂದಿತು. ನೋಟಕ್ಕೆ ಕ್ಯಾಲ್ಕುಲೇಟರ್, ಕೆಲಸ ಮಾತ್ರ ಅದಕ್ಕೆ ತದ್ವಿರುದ್ಧ. ಲೆಕ್ಕ ಕೇಳುವುದು ಯಂತ್ರ, ಉತ್ತರಿಸುವುದು ಮಗು! ತಪ್ಪಿದರೆ ಮತ್ತೆ ಅವಕಾಶ. ಮೂರು ಸಲ ತಪ್ಪಿದ ಮೇಲಷ್ಟೇ ಸರಿಯುತ್ತರ. ಇಂದಿನ ಆಟಿಕೆಯಲ್ಲೂ ಈ ಗುಣ ಹುಡುಕಿ. ಏನೊತ್ತಿದರೂ ಚಪ್ಪಾಳೆ ತಟ್ಟುವ ಯಂತ್ರದಿಂದ ಮಗು ಕಲಿಯುವುದು ಗುಂಡಿ ಒತ್ತುವುದನ್ನು ಮಾತ್ರ.

ಬಳಿಕ ಆಟಿಕೆಯ ಬೆನ್ನು ನೋಡಿ. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ನಾಣ್ಯದಾಕಾರದ ಲಿಥಿಯಂ ಸೆಲ್ಲನ್ನು ಮಗು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಅಲ್ಲಿನ ತೇವದ ಮೂಲಕ ವಿದ್ಯುತ್ ಹರಿದು ಕ್ಷಾರ ಉಂಟಾಗುತ್ತದೆ. ಎರಡೇ ಗಂಟೆಯಲ್ಲಿ ಒಳಗೆ ತೀವ್ರ ಸುಟ್ಟಗಾಯವಾಗಬಹುದು. ನುಂಗಿರಬಹುದೆಂಬ ಶಂಕೆ ಬಂದರೂ ಸಾಕು, ತಡಮಾಡದೆ ಆಸ್ಪತ್ರೆಗೆ ಧಾವಿಸಿ.

ಪರದೆಯಿದ್ದರೆ ಹೊತ್ತಿಗೂ ಮಿತಿ ಬೇಕು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ಹೊತ್ತಿನಲ್ಲೂ ನೀವು ಪಕ್ಕದಲ್ಲಿ ಕುಳಿತಿರಿ. ಯಂತ್ರ ಕೇಳದ 'ಯಾಕೆ?' ಎಂಬ ಪ್ರಶ್ನೆಯನ್ನು ಕೇಳಬೇಕಾದವರು ನೀವೇ ಅಲ್ಲವೇ?