ಶಿಕ್ಷಕರನ್ನು ರೂಪಿಸುವ ಕಾಲೇಜುಗಳ ಪರೀಕ್ಷೆ

ಮಕ್ಕಳಿಗೆ ಪಾಠ ಹೇಳತಕ್ಕವರನ್ನು ತರಬೇತುಗೊಳಿಸುವ ಕಾಲೇಜುಗಳ ಯೋಗ್ಯತೆಯನ್ನು ಯಾವ ಪ್ರಮಾಣದಿಂದ ಅಳೆಯಬೇಕೆಂಬ ಪ್ರಶ್ನೆ ನಮ್ಮ ದೇಶದಲ್ಲಿ ಬಹುಕಾಲದ್ದು. 1964ರಿಂದ 66ರವರೆಗೆ ಶ್ರಮಿಸಿದ ಕೊಠಾರಿ ಆಯೋಗವು, ಈ ಸಂಸ್ಥೆಗಳು ವಿಶ್ವವಿದ್ಯಾನಿಲಯದ ಜ್ಞಾನಜೀವನದಿಂದಲೂ ಶಾಲೆಯ ದೈನಂದಿನ ಜೀವನದಿಂದಲೂ ದೂರವಾಗಿ ಏಕಾಂಗಿಗಳಾಗಿವೆಯೆಂದು ಎಚ್ಚರಿಸಿತ್ತು. ಸರ್ವೋಚ್ಚ ನ್ಯಾಯಾಲಯದಿಂದ ನಿಯೋಜಿತವಾಗಿ 2012ರಲ್ಲಿ ವರದಿಯನ್ನೊಪ್ಪಿಸಿದ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಆಯೋಗದ ಆಧಾರದ ಮೇಲೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಹೇಳಿರುವುದು ಇನ್ನೂ ಕಠೋರವಾದುದು: ಹತ್ತು ಸಾವಿರಕ್ಕೂ ಮೀರಿದ ಬಿಡಿ ಸಂಸ್ಥೆಗಳಲ್ಲಿ ಹೆಚ್ಚಿನವು ಪದವಿಯನ್ನು ಬೆಲೆಗೆ ಮಾರುತ್ತಿವೆಯೆಂಬುದು ಅದರ ಆರೋಪ.

ಮೇಲ್ವಿಚಾರಣೆಗೆ ವ್ಯವಸ್ಥೆಯಿಲ್ಲವೆಂದಲ್ಲ. 1993ರ ಕಾಯಿದೆಯಿಂದ ಶಾಸನಬದ್ಧ ಅಧಿಕಾರವನ್ನು ಪಡೆದ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ಮಾನ್ಯತೆಯನ್ನು ಕೊಡುತ್ತದೆ. ವಿಶ್ವವಿದ್ಯಾನಿಲಯವು ಸಂಯೋಜನೆಯನ್ನಿತ್ತು ಪರೀಕ್ಷೆಯನ್ನು ನಡೆಸುತ್ತದೆ. 1994ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ನೆಲೆಸಿರುವ ನ್ಯಾಕ್ ಮಂಡಳಿಯು ಗುಣಮಟ್ಟಕ್ಕೆ ಶ್ರೇಣಿಯನ್ನು ಕಟ್ಟುತ್ತದೆ. ನಿವೇಶನದ ವಿಸ್ತಾರ, ಗ್ರಂಥಾಲಯದ ಪುಸ್ತಕಗಳು, ಅಧ್ಯಾಪಕರ ಸಂಖ್ಯೆ ಮತ್ತು ಅರ್ಹತೆ ಇವೆಲ್ಲ ದಾಖಲೆಯಿಂದ ಸುಲಭವಾಗಿ ಸಿದ್ಧಪಡುವುವು. ನಲವತ್ತು ಮಕ್ಕಳೆದುರು ನಿಂತು ಭಿನ್ನರಾಶಿಯನ್ನು ತಿಳಿಸಲಾರದೆ ತೊಳಲುವ ಪ್ರಶಿಕ್ಷಣಾರ್ಥಿಗೆ ಆ ದಿನ ಯಾರು, ಏನು ಹೇಳಿದರು ಎಂಬುದು ಮಾತ್ರ ಯಾವ ಕಡತದಲ್ಲಿಯೂ ದೊರೆಯಲಾರದು.

ನನ್ನ ದೃಷ್ಟಿಯಲ್ಲಿ ವಿಷಯದ ತಿರುಳಿರುವುದು ಇಲ್ಲಿಯೇ. ಪರಿಷತ್ತಿನ 2014ರ ನಿಯಮಗಳು ಬಿ.ಎಡ್. ವ್ಯಾಸಂಗವನ್ನು ಎರಡು ವರ್ಷಗಳಿಗೆ ವಿಸ್ತರಿಸಿ, ಅದರಲ್ಲಿ 20 ವಾರಗಳನ್ನು ಶಾಲೆಯ ಅನುಭವಕ್ಕೆ ಮೀಸಲಿಟ್ಟುದು ಸ್ತುತ್ಯವಾದರೂ, ಉಪನ್ಯಾಸಕರು ತರಗತಿಯ ಹಿಂಬದಿಯಲ್ಲಿ ಕುಳಿತು ಪಾಠವನ್ನು ಆದ್ಯಂತ ವೀಕ್ಷಿಸದೆ, ಪಾಠಯೋಜನೆಯ ಪುಸ್ತಕಕ್ಕೆ ಸಹಿ ಹಾಕಿ ಹೊರಟುಬಿಟ್ಟರೆ, ಆ ವಾರಗಳೆಲ್ಲ ಹಾಜರಿಯ ಲೆಕ್ಕವಾಗಿ ಉಳಿಯುವುವು. ಮೈಸೂರಿನಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು ವಿಷಯಜ್ಞಾನವನ್ನೂ ಬೋಧನಕಲೆಯನ್ನೂ ನಾಲ್ಕು ವರ್ಷಗಳ ಒಂದೇ ವ್ಯಾಸಂಗದಲ್ಲಿ ಬೆಸೆದು, ತನ್ನ ಆವರಣದಲ್ಲಿಯೇ ಪ್ರಾತ್ಯಕ್ಷಿಕ ಶಾಲೆಯೊಂದನ್ನು ನಡೆಸುತ್ತ ಬಂದಿರುವುದರಿಂದ, ಬೋಧಿಸುವ ಸ್ಥಳವೂ ಬೋಧನೆಯನ್ನು ಕಲಿಯುವ ಸ್ಥಳವೂ ಒಂದೇ ಪ್ರಾಕಾರದೊಳಗೆ ಸೇರಿವೆ. 2030ರ ಹೊತ್ತಿಗೆ ನಾಲ್ಕು ವರ್ಷಗಳ ಇಂಥ ಸಂಯುಕ್ತ ಪದವಿಯೇ ಶಾಲಾಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕೆಂಬುದು ನೂತನ ನೀತಿಯ ಸಂಕಲ್ಪ.

ಅದಕ್ಕೆ ಮೊದಲು ನಮ್ಮ ವಿಶ್ವವಿದ್ಯಾನಿಲಯಗಳು ಒಂದು ಕಾರ್ಯವನ್ನು ಕೈಗೊಳ್ಳಲಿ: ತಪಾಸಣಾ ಸಮಿತಿಯು ಪ್ರಾಂಶುಪಾಲರ ಕೊಠಡಿಯಿಂದೆದ್ದು ಅಭ್ಯಾಸಬೋಧನೆ ನಡೆಯುವ ಶಾಲೆಗೆ ಹೋಗಿ, ಒಂದು ಪಾಠವನ್ನು ಪೂರ್ತಿಯಾಗಿ ಆಲಿಸಿ, ಅನಂತರ ಶ್ರೇಣಿಯನ್ನು ಬರೆಯಲಿ.