‘ವಿಮ್ಸಿಕಲ್’ — ಹೊಗಳಿಕೆಯೋ, ತೆಗಳಿಕೆಯೋ?

ಕಾನ್ವೆಂಟಿನಲ್ಲಿ ಓದುವ ಮಗಳು, ಕೊಡೆ ಹಿಡಿದು ಸಂತೆಗೆ ಹೊರಟ ಬೆಕ್ಕಿನ ಕಥೆಯೊಂದನ್ನು ಇಂಗ್ಲಿಷಿನಲ್ಲಿ ಬರೆದಿದ್ದಾಳೆನ್ನಿ. ಉಪಾಧ್ಯಾಯಿನಿಯವರು ಕೆಂಪು ಶಾಯಿಯಲ್ಲಿ ‘ವಿಮ್ಸಿಕಲ್’ ಎಂದು ಬರೆದು ಕಳುಹಿಸುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾದ ತಂದೆಯ ಮುಖ ಗಂಟಿಕ್ಕುತ್ತದೆ. ಅವರು ಆ ಪದವನ್ನು ಕೇಳಿರುವುದು ಒಂದೇ ಪ್ರಸಂಗದಲ್ಲಿ: ಬೆಳಿಗ್ಗೆ ಕೊಟ್ಟ ಅಪ್ಪಣೆಯನ್ನು ಸಂಜೆ ರದ್ದುಗೊಳಿಸುವ ಮೇಲಧಿಕಾರಿಯ ವಿಷಯದಲ್ಲಿ! ಮಗಳಿಗೆ ಬೈಗುಳ ಸಿದ್ಧವಾಗುತ್ತದೆ. ಉಪಾಧ್ಯಾಯಿನಿಯವರು ಬರೆದದ್ದಾದರೋ ಮೆಚ್ಚುಗೆಯ ಮಾತು.

ಈ ಪದದ ಬೇರು ಆಟದ ಸಾಮಾನಿನಲ್ಲಿದೆ. 16ನೆಯ ಶತಮಾನದ ಇಂಗ್ಲಿಷಿನಲ್ಲಿ ‘ವಿಮ್‌ವ್ಯಾಮ್’ ಎಂದರೆ ಕೆಲಸಕ್ಕೆ ಬಾರದ, ಆದರೆ ನೋಡಲು ಚೆಂದದ ಅಲಂಕಾರದ ವಸ್ತು. ಮುಂದಿನ ಶತಮಾನದಲ್ಲಿ ‘ವಿಮ್ಸಿ’ ಬಳಕೆಗೆ ಬಂದಿತು. ಅದರ ಹಿಂದೆಯೇ ‘ವಿಮ್ಸಿಕಲ್’ ಬಂದಿತು. ಗಣಿಯಿಂದ ಅದಿರನ್ನು ಮೇಲೆತ್ತಲು ಕುದುರೆಗಳು ಸುತ್ತಿಸುತ್ತಿದ್ದ ರಾಟೆಗೂ ‘ವಿಮ್’ ಎಂಬ ಹೆಸರಿದ್ದಿತು. ತಲೆಯೊಳಗೂ ಅಂತಹದೇ ಏನೋ ಒಂದು ತಿರುಗುವುದೆಂದು ಇಂಗ್ಲಿಷರು ಭಾವಿಸಿದ್ದರೆ ತಪ್ಪೇನು?

ಈ ಗುಣಕ್ಕೆ ಎಡ್ವರ್ಡ್ ಲಿಯರನಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು. 1846ರಲ್ಲಿ ತನ್ನ ಅಸಂಬದ್ಧ ಪದ್ಯಗಳ ಪುಸ್ತಕವನ್ನು ಪ್ರಕಟಿಸಿದ ಈತ ವೃತ್ತಿಯಿಂದ ಚಿತ್ರಕಾರ. ಅದೇ ವರ್ಷ ವಿಕ್ಟೋರಿಯಾ ರಾಣಿಗೆ ಚಿತ್ರಕಲೆಯ ಪಾಠ ಹೇಳಿದವನು. 1873ರಲ್ಲಿ ಭಾರತಕ್ಕೆ ಬಂದು, ಒಂದು ವರ್ಷಕ್ಕೂ ಮಿಕ್ಕಿ ಸುತ್ತಾಡಿದ. ಇಲ್ಲಿನ ದೊರೆಗಳ ಮನೆಗಳಲ್ಲಿ ಕಿವಿಗೆ ಬಿದ್ದ ಮಾತುಗಳನ್ನು ಹೆಕ್ಕಿ ಒಂದು ಪದ್ಯ ಹೊಸೆದ. ಅದರಲ್ಲಿ ಧೋಬಿ ಕುಳಿತುಕೊಳ್ಳುವ ಆಸನವಾದ. ಸೊಂಟಕ್ಕೆ ಸುತ್ತುವ ಕಮರ್‌ಬಂದ್ ಮನುಷ್ಯರನ್ನು ನುಂಗುವ ಭೀಕರ ಪ್ರಾಣಿಯಾಯಿತು! ಅರ್ಥ ತಲೆಕೆಳಗಾದರೂ ಛಂದಸ್ಸು ತಪ್ಪಲಿಲ್ಲ, ಪ್ರಾಸ ಕೆಡಲಿಲ್ಲ, ವ್ಯಾಕರಣ ಮುರಿಯಲಿಲ್ಲ.

ಗುಟ್ಟಿರುವುದು ಇಲ್ಲಿಯೇ. ಕೊಡೆ ಹಿಡಿದ ಬೆಕ್ಕು ಸಂತೆಯಲ್ಲಿ ಮೀನಿನ ಬೆಲೆಗೆ ಚೌಕಾಶಿ ಮಾಡಿದರೆ ಅದು ವಿಮ್ಸಿಕಲ್. ಮರುಸಾಲಿನಲ್ಲಿ ಕಾರಣವಿಲ್ಲದೆ ರೈಲುಬಂಡಿಯಾದರೆ ಬರಿಯ ಗೊಂದಲ. ಅಧಿಕಾರಿಯ ವಿಷಯದಲ್ಲಿ ಪದ ಬೈಗುಳಾಗುವುದೂ ಇದರಿಂದಲೇ. ಕಥೆಗಾರನ ಲಹರಿಯಿಂದ ಯಾರ ಸಂಬಳವೂ ನಿಲ್ಲುವುದಿಲ್ಲ. ಅಧಿಕಾರಿಯ ಲಹರಿಯಿಂದ ಒಂದು ಸಂಸಾರವೇ ಊರು ಬಿಡಬೇಕಾದೀತು. ನಮ್ಮ ದೇಶದ ನ್ಯಾಯಾಲಯಗಳ ಭಾಷೆಯಲ್ಲಿ ಈ ಪದವು ಸ್ವೇಚ್ಛಾಚಾರದ ಜೊತೆಯಲ್ಲಿ ನಿಲ್ಲುವುದು ಸಹಜವೇ ಸರಿ.

ಕನ್ನಡದಲ್ಲಿ ಇದಕ್ಕೆ ಒಂದೇ ಪದ ಸಾಲದು. ಕಚೇರಿಯ ಅಪ್ಪಣೆಗೆ ‘ಮನಸೋಇಚ್ಛೆಯ’ ಎನ್ನಬಹುದು. ವ್ಯಕ್ತಿಗೆ ‘ತಿಕ್ಕಲು’ ಎಂದರೆ ತುಸು ಖಾರವಾಯಿತು. ಕಥೆಗೆ, ಚಿತ್ರಕ್ಕೆ ‘ಲಹರಿ’ ಒಪ್ಪುತ್ತದೆ. ಪದವಿಲ್ಲದಿದ್ದರೂ ಗುಣಕ್ಕೆ ಕೊರತೆಯಿರಲಿಲ್ಲ. ಲೂಯಿಸ್ ಕೆರೊಲನ ಆಲಿಸಳನ್ನು ನಾ. ಕಸ್ತೂರಿಯವರು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿ ಕನ್ನಡಕ್ಕೆ ಕರೆತಂದರು. ಪದಗಳಿಗೆ ಸೊಟ್ಟ ಅರ್ಥ ಕೊಡುವ ‘ಅನರ್ಥಕೋಶ’ವನ್ನು ರಚಿಸಿದವರೂ ಅವರೇ. ಅವರ ಮನೆಮಾತು ಮಲಯಾಳವೆಂಬುದನ್ನು ನೆನೆದರೆ ಬೆರಗು ಇಮ್ಮಡಿಸುತ್ತದೆ.

ತಂದೆಯವರು ಈಗ ಕನ್ನಡಕ ಏರಿಸಿಕೊಂಡು ಬೆಕ್ಕಿನ ಕಥೆಯನ್ನು ಮತ್ತೊಮ್ಮೆ ಓದಬಹುದು. ಮೀನು ಎಷ್ಟಕ್ಕೆ ಸಿಕ್ಕಿತೆಂದು ಮಗಳನ್ನು ಕೇಳಲೂಬಹುದು.